ಉದ್ಯಾನದ ಮೇಲಿನ ಕೆಂಪು ಕಲೆ

ಕಸ ವಿಲೇವಾರಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಹಳೆಯ ಕಸದ ಗುಡ್ಡದಿಂದ ಮೀಥೇನ್ ಅನಿಲ ಉಕ್ಕುತ್ತಿರುವುದನ್ನು ಬಾಹ್ಯಾಕಾಶದ ಉಪಗ್ರಹ ಕಂಡಿತು. ಆ ಚಿತ್ರ ತೆಗೆದವರು ತಮಗೆ ತಿಳಿಸಿದರು. ತಾವು ಮಾತ್ರ ಗುಡ್ಡದ ಬುಡದಲ್ಲೇ ಬದುಕುವ ನಮಗೆ ಹೇಳಲಿಲ್ಲ. ಆಕಾಶಕ್ಕೆ ಗೊತ್ತಾದದ್ದು ನಮಗೆ ಗೊತ್ತಾಗಬಾರದೆಂಬ ನಿಯಮವೇನಾದರೂ ಇದೆಯೇ?

ಆ ಗುಡ್ಡಕ್ಕೆ ಮಣ್ಣು ಹೊದಿಸಿ, ಹುಲ್ಲು ಬೆಳೆಸಿ, ಕಲ್ಲುಬೆಂಚು ಹಾಕಿಸಿ ತಾವು ಉದ್ಯಾನವೆಂದು ಉದ್ಘಾಟಿಸಿದಿರಿ. ನಾನೂ ನನ್ನ ಅಕ್ಕನೂ ಅದರ ಮಗ್ಗುಲಲ್ಲೇ ಹೊಲಿಗೆ ಅಂಗಡಿ ಇಟ್ಟವರು. ಬಟ್ಟೆಯ ದಾಸ್ತಾನೆಲ್ಲ ಅಂಗಡಿಯ ನೆಲಮಾಳಿಗೆಯಲ್ಲಿ. ಈ ಚಳಿಗಾಲದ ಒಂದು ಬೆಳಿಗ್ಗೆ ಲೈನಿಂಗ್ ಬಟ್ಟೆ ತರಲೆಂದು ಅಕ್ಕ ಕೆಳಗಿಳಿದಳು. ದೀಪದ ಸ್ವಿಚ್ ಒತ್ತಿದ್ದೇ ತಡ, ನನ್ನ ಕಾಲಡಿಯ ನೆಲ ನಡುಗಿತು. ನಾನು ಮೆಟ್ಟಿಲ ಬಳಿ ಓಡುವಷ್ಟರಲ್ಲಿ ಅವಳು ತಾನೇ ಹತ್ತಿ ಬರುತ್ತಿದ್ದಳು. ಹುಬ್ಬು ಸುಟ್ಟಿತ್ತು, ಅಂಗೈಯ ಚರ್ಮ ಸುಲಿದಿತ್ತು.

“ವಾಸನೆ ಏನೂ ಬರ್ಲಿಲ್ಲ ಕಣೇ,” ಎಂದಳು.

ಮೀಥೇನಿಗೆ ವಾಸನೆಯೇ ಇಲ್ಲ, ಕೊಳೆತ ಕಸದಿಂದ ಹೊರಟ ಅದು ಮಣ್ಣಿನ ಬಿರುಕುಗಳಲ್ಲಿ ದಾರಿ ಮಾಡಿಕೊಂಡು ನೆಲಮಾಳಿಗೆಯಲ್ಲಿ ತುಂಬಿತ್ತು, ಸ್ವಿಚ್ಚಿನ ಕಿಡಿಗೆ ಹೊತ್ತಿಕೊಂಡಿತು ಎಂದು ಅಗ್ನಿಶಾಮಕ ದಳದವರು ಆಮೇಲೆ ತಿಳಿಸಿದರು. ಅಕ್ಕನ ಬೆರಳುಗಳು ಈಗ ಮಡಚುವುದಿಲ್ಲ. ಸೂಜಿ ಹಿಡಿಯುವುದು ದೂರದ ಮಾತು, ಅವಳ ಜಡೆಯನ್ನೂ ನಾನೇ ಹೆಣೆಯುತ್ತೇನೆ.

ಇದಾದ ಮೇಲೆ ಉಪಗ್ರಹದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ದಿನವೇ ತಮ್ಮ ಕಚೇರಿಗೆ ಬಂದೆ. ಉದ್ಯಾನದ ನೆತ್ತಿಯ ಮೇಲೆ ಅನಿಲವನ್ನು ತೋರಿಸುವ ಕೆಂಪು ಕಲೆ. ಚಿತ್ರ ಕಳೆದ ಬೇಸಿಗೆಯದು, ಅಕ್ಕನ ಕೈ ಸುಡುವುದಕ್ಕೆ ತಿಂಗಳುಗಳ ಮೊದಲಿನದು. ತಮ್ಮ ಎಂಜಿನಿಯರು ಕುರ್ಚಿ ಕೊಟ್ಟು, ನೀರು ಕೊಟ್ಟು, ಬಹಳ ಸೌಜನ್ಯದಿಂದಲೇ ವಿವರಿಸಿದರು. “ಮೇಲಿಂದ ನೋಡಿದ್ದನ್ನ ನಾವು ಒಪ್ಪಲ್ಲಮ್ಮ. ನೆಲದ ಮೇಲೆ ಅಳತೆ ಮಾಡಿದ್ರೇನೇ ಅಧಿಕೃತ.”

ಹಾಗಾದರೆ ಬಂದು ಅಳೆಯಿರಿ ಎಂದೆ.

“ಅಳೆದ್ರೆ ಉದ್ಯಾನ ಮುಚ್ಚಬೇಕಾಗುತ್ತೆ,” ಎಂದರು. ಬಾಯಿ ತಪ್ಪಿ ಬಂದ ಮಾತೆಂಬಂತೆ ಕಿಟಕಿಯತ್ತ ಮುಖ ತಿರುಗಿಸಿದರು.

ಈ ವಾರ ಹೊಸ ಚಿತ್ರ ಬಂದಿದೆ. ಕಲೆ ಹಿಗ್ಗಿದೆ, ಅನಿಲ ಹೊಮ್ಮುವ ಜಾಗ ಗುಡ್ಡದ ಪೂರ್ವದಂಚಿಗೆ ಸರಿದಿದೆ. ಅಲ್ಲಿರುವುದು ಶಿಶುವಿಹಾರ. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದಾರೆ. ಹೋಗಿ ಅಲ್ಲಿನ ಟೀಚರಿಗೆ ಎಲ್ಲವನ್ನೂ ಹೇಳಿದೆ. ಅಪಾಯವಿದ್ದರೆ ಮಂಡಳಿಯವರು ಸುಮ್ಮನಿರುತ್ತಿದ್ದರೇ ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು. ತಮ್ಮ ಮೌನದ ಮೇಲೆ ಜನರಿಗೆ ಎಂಥ ನಂಬಿಕೆ ನೋಡಿ!

ನಮಗೆ ಅನುಕಂಪವೂ ಬೇಡ, ವಿಚಾರಣಾ ಸಮಿತಿಯೂ ಬೇಡ. ನಾಳೆಯೇ ಆ ಮಕ್ಕಳನ್ನು ಬೇರೆಡೆಗೆ ಕಳಿಸಿ. ಸುತ್ತಲಿನ ಪ್ರತಿ ಕೋಣೆಯಲ್ಲೂ ಅನಿಲ ಅಳೆಯಿಸಿ, ಗುಡ್ಡಕ್ಕೆ ಅನಿಲ ಹೊರಹಾಕುವ ಕೊಳವೆ ಇಡಿಸಿ. ಅಳತೆಯಲ್ಲಿ ಏನೂ ಸಿಗದಿದ್ದರೆ ವದಂತಿ ಹಬ್ಬಿಸಿದಳೆಂದು ನನ್ನನ್ನು ಬಂಧಿಸಿ. ಅಷ್ಟು ಸಂತೋಷದಿಂದ ಜೈಲಿಗೆ ಹೋದವರು ಇನ್ನೊಬ್ಬರು ಇರಲಾರರು.

ಇಂತಿ,
ತಮ್ಮ ಉದ್ಯಾನದ ಪಕ್ಕದಲ್ಲಿ ಈಗ ಒಬ್ಬಳೇ ಹೊಲಿಯುತ್ತಿರುವ ದರ್ಜಿ