ಹರಿದ ಸೀಸದ ಮುದ್ರೆ

ಅಣ್ಣಾ,
ಗಿರಣಿಗೆ ದೊಡ್ಡ ಕರೆಂಟ್ ಲೈನ್ ಕೊಡಲು ಬಿಜಲಿ ದಫ್ತರದವರು ಇವತ್ತು ಬರುತ್ತಾರೆ. ಪೊಲೀಸ್ ಆ್ಯಕ್ಷನ್‌ಗಿಂತ ಮುಂಚಿನ, ನಿಜಾಮರ ಕಾಲದ ನಮ್ಮ ಹಿತ್ತಾಳೆ ಮೀಟರನ್ನು ಬಿಚ್ಚಿ ಒಯ್ಯುತ್ತಾರೆ. ಅದರ ಸೀಸದ ಮುದ್ರೆ ಹರಿದಿದೆ. ದಸರೆಯ ಖಂಡೆಪೂಜೆಗೆ ಅವ್ವ ಮೀಟರಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಕಿತ್ತು ಬಂತು. ಅರಿಶಿನದ ದಾರದಿಂದ ಮತ್ತೆ ಕಟ್ಟಿದ್ದಾಳೆ. ಕರೆಂಟ್ ಕದ್ದಿರೆಂದು ಅವರು ಲೈನೇ ಕೊಡದಿದ್ದರೆ ನಿನ್ನ ಗಿರಣಿಯ ಗತಿಯೇನು?

ನಿನಗೆ ಹೇಳಲೆಂದು ನಿನ್ನೆ ಮೂರು ಸಲ ಬಂದು, ಬಾಯಿ ಬಾರದೆ ತಿರುಗಿ ಹೋದೆ. ನಡೆದದ್ದನ್ನೆಲ್ಲ ನಾನು ಬರೆದು ಸಹಿ ಮಾಡಿದ ಕಾಗದ ಚಹಾಪುಡಿ ಡಬ್ಬಿಯ ಕೆಳಗಿದೆ. ಅವರು ಕೇಳುವ ಮೊದಲೇ ಕೊಡು. ಭಾಲ್ಕಿಯ ಶಾಲೆಯಲ್ಲಿ ನೌಕರಿಯ ಸಂದರ್ಶನಕ್ಕೆ ಕೂತರೂ ನನ್ನ ಜೀವ ಇಲ್ಲೇ ಇರುತ್ತದೆ.

ಅವ್ವನಿಗೆ ಬಯ್ಯಬೇಡ. “ನಮ್ಮ ಮೀಟರ್ ಹ್ಯಾಂಗ ಬೆಳಗೀನಿ ನೋಡ್ರಿ” ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದ್ದಾಳೆ. ಇವತ್ತು ದಫ್ತರದವರಿಗೂ ತೋರಿಸಲು ಬಾಗಿಲಲ್ಲೇ ಕಾಯುತ್ತಿದ್ದಾಳೆ.
ಕೇಶರ