ಅಪ್ಪನ ಗಂಜಿಗೆ ಬೆರೆಸಿದ ಪುಡಿ

ಹೋಮಾ ಬೇ
ಆಗಸ್ಟ್ ೧೪

ನನ್ನ ಮುದ್ದು ಅಪೋಂಡಿಗೆ,

ಫೋನಂತೂ ಎತ್ತುವುದಿಲ್ಲ ನೀನು, ಅಮ್ಮನ ಕಾಗದವನ್ನಾದರೂ ಓದು. ಔಷಧಿ ಅಂಗಡಿಯ ಕೆಲಸ ಬಿಟ್ಟೆಯಂತೆ. ರಕ್ತದ ಕೊಬ್ಬು ಇಳಿಯಲೆಂದು ನೀನು ಕಳಿಸಿದ ಮಾತ್ರೆಯೇ ಅಪ್ಪನ ಜೀವ ತೆಗೆಯಿತು ಎಂದು ನಕುರುವಿನಲ್ಲಿ ಕೂತು ಅಳುತ್ತೀಯಂತೆ. ಅಳಬೇಡ ಮಗಳೇ. ಕಾಲು ಸೆಳೆಯುತ್ತದೆ ಎಂದು ಅವರು ಅದನ್ನು ನಾಲ್ಕೇ ದಿನಕ್ಕೆ ಬಿಟ್ಟರು. "ದೋಣಿ ಕಟ್ಟೋನಿಗೆ ಕಾಲೇ ನಿಲ್ಲದಿದ್ರೆ ಹೆಂಗೆ? ಒಯ್ದು ನೀರಿಗೆ ಹಾಕು" ಅಂದರು. ನಾನು ಎಸೆಯಲಿಲ್ಲ, ಡಬ್ಬಿಯಲ್ಲಿ ಮುಚ್ಚಿಟ್ಟೆ.

ಆಗಲೇ ಆಸ್ಪತ್ರೆಯವರು ಮೀನು ಒಣಗಿಸುವ ನಮ್ಮಂಥ ಹೆಂಗಸರಿಗೆ, ರಕ್ತದ ಕೊಬ್ಬು ಇಳಿಯುತ್ತದೋ ನೋಡೋಣವೆಂದು, ಬಿಳಿ ಪುಡಿ ಕೊಡುತ್ತಿದ್ದರು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಇನ್ನೂ ಏನೇನೋ. ಮೂರು ತಿಂಗಳಲ್ಲಿ ನನ್ನ ಕೊಬ್ಬು ಇಳಿಯಿತು. ನನಗೆ ಹಿಡಿದದ್ದು ಅಪ್ಪನಿಗೂ ಹಿಡಿದೀತು ಎಂದುಕೊಂಡು ದಿನಾ ಬೆಳಿಗ್ಗೆ ಅದರಲ್ಲಿ ಅರ್ಧ ಅವರ ಗಂಜಿಗೆ ಬೆರೆಸಿದೆ. ಸಂತೆಯಲ್ಲಿ ಬಸುರಿಯರು ಕೊಂಡು ಕಡಿಯುತ್ತಾರಲ್ಲ, ಆ ಮೆದುಕಲ್ಲಿನದೇ ರುಚಿ ಅದಕ್ಕೆ. "ಡೋರ್ಸಿಲಾ, ನನಗೇನು ಐದು ತಿಂಗಳಾ, ಕಲ್ಲು ತಿನ್ನಿಸ್ತಿದೀಯ?" ಎಂದು ರೇಗಿಸುತ್ತಲೇ ಬಟ್ಟಲು ಬರಿದು ಮಾಡುತ್ತಿದ್ದರು.

ಗಂಡಸರ ಮೈಯಲ್ಲಿ ಅದು ಹಾಗೇ ಕೆಲಸ ಮಾಡಬೇಕೆಂದಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ. ಅರ್ಧ ಕಟ್ಟಿದ ದೋಣಿಯ ಪಕ್ಕದಲ್ಲಿ ಎದೆ ಹಿಡಿದುಕೊಂಡು ಬಿದ್ದರಲ್ಲ, ಆ ದಿನವೂ ಗಂಜಿ ಕುಡಿದೇ ಹೋಗಿದ್ದರು.

ನಿನ್ನ ಮಾತ್ರೆಗಳನ್ನು ಇದರ ಜೊತೆ ಕಳಿಸಿದ್ದೇನೆ. ನಾಲ್ಕು ಬಿಟ್ಟು ಎಲ್ಲವೂ ಇವೆ. ಕಣ್ಣಾರೆ ನೋಡಿ, ಮತ್ತೆ ಕೆಲಸಕ್ಕೆ ಹೋಗು. ನಿನ್ನ ಕೈಯಿಂದ ತಪ್ಪಾಗಿಲ್ಲ. ನನ್ನ ಮುಖ ನೋಡುವ ಮನಸ್ಸಾಗದಿದ್ದರೆ ಬರಬೇಡ, ನಾನು ಏನೂ ಅಂದುಕೊಳ್ಳುವುದಿಲ್ಲ. ಬಂದರೆ, ಅಪ್ಪನ ಉಳಿ ನಿನಗೆಂದು ಎತ್ತಿಟ್ಟಿದ್ದೇನೆ.

ನಿನ್ನ ಅಮ್ಮ,
ಡೋರ್ಸಿಲಾ

ತಾ.ಕ.: ಯಾರೂ ಹೇಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಪುಡಿ ಕೊಡುತ್ತಿದ್ದ ನರ್ಸ್ ನೆಕೆಸಾ ಹೇಳಿದ್ದಳು: "ಅಮ್ಮಾ, ನಿಮಗೆ ಆದ ಹಾಗೇ ಯಜಮಾನರಿಗೂ ಆಗುತ್ತೆ ಅಂತ ನಂಬ್ಕೋಬೇಡಿ. ಗಂಡಸರ ಲೆಕ್ಕವೇ ಬೇರೆ. ಅವರ ಮಾತ್ರೆ ನಿಲ್ಲಿಸ್ಬೇಡಿ." ನಾನು ನಕ್ಕುಬಿಟ್ಟೆ. "ಮೂವತ್ತು ವರ್ಷ ಒಂದೇ ಮಡಕೆಯಲ್ಲಿ ಬೇಯಿಸ್ಕೊಂಡು ತಿಂದಿದೀವಿ ಕಣೇ, ನಮ್ಮ ರಕ್ತ ಬೇರೆ ಬೇರೆನಾ?" ಅಂದೆ. ಹೋದ ವಾರ ನನ್ನ ರಕ್ತ ಮತ್ತೆ ನೋಡಿದರು. ತುಂಬಾ ಚೆನ್ನಾಗಿದೆಯಂತೆ.