ಅವ್ವ ಮೂವತ್ತೆರಡರವರೆಗೆ ಎಣಿಸಿದ್ದು

ಬಾಬುರಾಯನಕೊಪ್ಪಲು
ಜೂನ್ ೧೨, ಗುರುವಾರ

ಪ್ರೀತಿಯ ತಿಮ್ಮೇಶಣ್ಣನಿಗೆ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆದದ್ದು, ಬೇಜಾರು ಮಾಡಿಕೊಳ್ಳಬೇಡ. ನೀನು, ಅತ್ತಿಗೆ ಆರೋಗ್ಯವೇ? ಕೆ.ಆರ್. ಪೇಟೆಯಲ್ಲಿ ನಿಮ್ಮ ಮಾವನವರ ಅಂಗಡಿ ಹೇಗೆ ನಡೆಯುತ್ತಿದೆ? ಫೋನ್ ಮಾಡಿದರೆ ಅತ್ತಿಗೆಯೇ ಎತ್ತುತ್ತಾರೆ, ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ಅವ್ವನ ಕಾಯಿಲೆಯ ಹೆಸರು ಮಯಸ್ತೇನಿಯಾ. ಕೇಳುವ ಪುರುಸೊತ್ತು ನಿನಗೆ ಇನ್ನೂ ಆಗಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ನರ ಹೇಳಿದ್ದು ಮಾಂಸಖಂಡಕ್ಕೆ ತಲುಪದ ಹಾಗೆ ಮಾಡುತ್ತದಂತೆ. ಡಾಕ್ಟರಮ್ಮ ಇದನ್ನು ಹೇಳುವಾಗ ನನಗೆ ನಿನ್ನ ನೆನಪಾಯಿತು, ಕ್ಷಮಿಸು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬರುವ ಅವ್ವ ಸಂಜೆಗೆ ಮುದ್ದೆ ನುಂಗಲಾರಳು. ರೆಪ್ಪೆ ಬೀಳುತ್ತದೆ, ಮಾತು ಮೂಗಿನಲ್ಲಿ ಬರುತ್ತದೆ. ಮಾತ್ರೆ ನುಂಗಿದರೆ ಮೂರು ನಾಲ್ಕು ಗಂಟೆ ಸರಿಹೋಗುತ್ತಾಳೆ, ಆಮೇಲೆ ಮತ್ತೆ ಅದೇ.

ಆಸ್ಪತ್ರೆಯಲ್ಲಿ ಹೊಸ ಔಷಧಿಯ ಸಂಶೋಧನೆ ನಡೆಯುತ್ತಿದೆ. ಸೇರಿಸಿಕೊಂಡರೆ ಎರಡು ವರ್ಷ ಅವರೇ ನೋಡಿಕೊಳ್ಳುತ್ತಾರೆ. ಅವ್ವ ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾಳೆ ಎಂದು ದಿನವೂ ಬರೆಯಲು ನನಗೊಂದು ನೋಟುಬುಕ್ಕು ಕೊಟ್ಟಿದ್ದರು. ಮಧ್ಯಾಹ್ನ ಕಳೆದರೆ ಹದಿಮೂರು ದಾಟುತ್ತಿರಲಿಲ್ಲ. ಕಳೆದ ಸೋಮವಾರ ಮೂರು ಗಂಟೆಗೆ ಅವರೇ ಅಳೆಯುವುದಿತ್ತು. ಹಿಂದಿನ ರಾತ್ರಿಯಿಂದ ಮಾತ್ರೆ ಮುಟ್ಟಬಾರದು, ಸೋತ ಮೈ ಸೋತ ಹಾಗೆಯೇ ಕಾಣಬೇಕು ಎಂದು ಎರಡೆರಡು ಸಲ ಹೇಳಿದ್ದರು. ಅವ್ವ ತಲೆಯಾಡಿಸಿದ್ದಳು.

ಅಲ್ಲಿ ಅವ್ವ ರೇಷ್ಮೆ ಸೀರೆಯಲ್ಲಿ, ಮದುವೆಗೆ ಬಂದವಳ ಹಾಗೆ ನೆಟ್ಟಗೆ ಕೂತು, ಒಂದೇ ಉಸಿರಿಗೆ ಮೂವತ್ತೆರಡರವರೆಗೆ ಎಣಿಸಿದಳು. ರೆಪ್ಪೆ ಬೀಳಲಿಲ್ಲ. ಡಾಕ್ಟರಮ್ಮ ನೋಟುಬುಕ್ಕು ನೋಡಿ ನನ್ನ ಮುಖ ನೋಡಿದರು, ನಾನೇ ಸುಳ್ಳು ಬರೆದ ಹಾಗೆ. ಇಷ್ಟು ಚೆನ್ನಾಗಿರುವವರನ್ನು ಸೇರಿಸಿಕೊಳ್ಳಲು ಆಗುವುದಿಲ್ಲ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಒಪ್ಪಿಕೊಂಡಳು. ಆಸ್ಪತ್ರೆಯ ಬಚ್ಚಲಿಗೆ ಹೋಗಿ ಮಾತ್ರೆ ನುಂಗಿದ್ದಳಂತೆ. "ನಾಕ್ ಜನದ್ ಮುಂದೆ ಕುಡ್ದೋಳಂಗೆ ಕೂತ್ಕಳಕಾಯ್ತದಾ? ತಿಮ್ಮೇಶ ಅವತ್ತೇ ಯೋಳ್ಲಿಲ್ವಾ?" ಎಂದಳು.

ಹೌದು, ನೀನು ಹೇಳಿದ್ದೆ. ನಿನ್ನ ನಿಶ್ಚಿತಾರ್ಥದ ದಿನ ಕಪ್ಪು ಕನ್ನಡಕ ತಂದು ಕೊಟ್ಟು, "ಇದ್ನಾಕ್ಕೊಂಡ್ಬುಡವ್ವ, ಎಣ್ಣಿನ್ ಕಡೇರು ಕುಡ್ದವ್ಳೆ ಅಂದ್ಕತಾರೆ" ಅಂದೆ. ಅವ್ವನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ ಎಂದು ಬೀಗರಿಗೆ ನೀನೇ ಹೇಳಿದೆ. ಅವ್ವ ಆ ದಿನವೆಲ್ಲ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು, ಊಟಕ್ಕೂ ಏಳಲಿಲ್ಲ. ಅಗಿಯಲಾರದೆ ಏಳಲಿಲ್ಲ ಎಂದು ನೀನು ತಿಳಿದಿರಬಹುದು. ಅಂದಿನಿಂದ ಯಾರ ಎದುರು ಹೋಗಬೇಕಾದರೂ ಒಂದು ಮಾತ್ರೆ ಹೆಚ್ಚಿಗೆ ನುಂಗುತ್ತಾಳಂತೆ. ಒಂದೇ ಮನೆಯಲ್ಲಿರುವ ನನಗೂ ಗೊತ್ತಾಗಲಿಲ್ಲ.

ಅತ್ತಿಗೆಗೆ, ಅವರ ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ನಾನು ಕೇಳದೆಯೇ ಹೇಳಿದಳು.

ನಿನ್ನ ತಂಗಿ,
ಲತ

ಮರೆತಿದ್ದೆ: ನನಗೆ ಬಾಯಿ ಬರುವುದಿಲ್ಲವೆಂದು ಮಾತ್ರೆಯ ವಿಷಯ ಚೀಟಿಯಲ್ಲಿ ಬರೆದು, ಮರುದಿನ ಮತ್ತೆ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ಕೊಟ್ಟು ಬಂದೆ. ಇಪ್ಪತ್ತಮೂರನೇ ತಾರೀಕು ಸೋಮವಾರ ಇನ್ನೊಂದು ಸಲ ಅಳೆಯುತ್ತಾರೆ, ಅದೇ ಕೊನೆ. ನನ್ನ ಮಾತು ಅವ್ವನಿಗೆ ನಾಟುವುದಿಲ್ಲ. ಹಿಂದಿನ ದಿನ ಬಂದು, ರೆಪ್ಪೆ ಬಿದ್ದರೂ ನನಗೆ ನಾಚಿಕೆಯಿಲ್ಲ ಎಂದು ನಿನ್ನ ಬಾಯಿಂದಲೇ ಹೇಳು. ಇವತ್ತು ಬೆಳಗ್ಗೆ ಆ ಕನ್ನಡಕವನ್ನು ನನ್ನ ಹಳೇ ಲಂಗದ ತುಂಡಿನಲ್ಲಿ ಸುತ್ತಿ ಹೊಲಿದೆ. ಈ ಕಾಗದದ ಜೊತೆ ನಿನಗೇ ಕಳಿಸುತ್ತಿದ್ದೇನೆ.